ಕೊನೆಯ ಮೂರು ಸಂಕೇತಗಳು

ಜೂನ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಸುಪ್ರೀತಾಳ ಮೇಜಿನ ಮೇಲಿದ್ದ ಹಳೆಯ ಲ್ಯಾಂಡ್‌ಲೈನ್ ಬಡಿದುಕೊಂಡಿತು. ಅದಕ್ಕೆ ಫೋನ್ ಮಾಡುವವರು ಒಬ್ಬರೇ, ಕೊಚ್ಚಿಯ ವೀರಭದ್ರ. ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಅವರ ಸಂಸ್ಥೆ ಬಾಡಿಗೆಗೆ ಹಿಡಿದಿದ್ದ ಒಂದು ಕೋಣೆಯಲ್ಲಿ ಆತ ಉಪಗ್ರಹದಿಂದ ಬರುವ ಸಂದೇಶಗಳನ್ನು ನೋಡಿಕೊಳ್ಳುತ್ತಿದ್ದರು. ಬಂದರಿನ ಆವರಣದೊಳಗಿದ್ದ ಆ ಕೋಣೆಗೆ ಮೊಬೈಲ್ ಒಯ್ಯುವಂತಿರಲಿಲ್ಲ.

ವೀರಭದ್ರ ಗದಗಿನ ಕಡೆಯವರು, ನಿವೃತ್ತಿಗೆ ಎರಡು ವರ್ಷವಿತ್ತು. ಸುಪ್ರೀತಾ ಮೈಸೂರಿನವಳು. ತಿರುವನಂತಪುರಕ್ಕೆ ಬಂದು ಏಳು ವರ್ಷವಾಗಿತ್ತು. ತುಂಬಾ ಎಂಬ ಊರಿನ ಕಡೆಗೆ ಹೋಗುವ ರಸ್ತೆಯಲ್ಲಿದ್ದ ಅವಳ ಸಂಸ್ಥೆಯನ್ನು ಹೊಸಬರು ದೊಡ್ಡ ಬಾಹ್ಯಾಕಾಶ ಕೇಂದ್ರದ ಭಾಗವೆಂದು ತಿಳಿಯುತ್ತಿದ್ದರು. ಅದು ಬೇರೆಯೇ, ನಲವತ್ತು ಜನರ ಸಣ್ಣ ಸಂಸ್ಥೆ. ಮೀನುಗಾರರ ದೋಣಿಗಳಿಗೆ ಒಂದು ಪುಟ್ಟ ಯಂತ್ರ ಕೂಡಿಸುವುದು, ಅಪಾಯವಾದಾಗ ಗುಂಡಿ ಒತ್ತಿದರೆ ದೋಣಿ ಇರುವ ಜಾಗ ಉಪಗ್ರಹದ ಮೂಲಕ ದಡಕ್ಕೆ ತಿಳಿಯುವಂತೆ ಮಾಡುವುದು, ಅವರ ಈಗಿನ ಕೆಲಸ. ವಿಳಿಂಜ ಬಂದರಿನ ಐವತ್ತು ದೋಣಿಗಳಲ್ಲಿ ಪ್ರಯೋಗ ನಡೆಯುತ್ತಿತ್ತು.

"ಮೇಡಂ, ಮುಂಜಾನೆ ಆರು ಹನ್ನೆರಡಕ್ಕ ಒಂದು ಸಂದೇಶ ಬಂದೈತ್ರಿ," ಎಂದರು ವೀರಭದ್ರ. "ತಾಳೆ ತಪ್ಪಿ ತಿರಸ್ಕಾರದಾಗ ಬಿದ್ದೈತಿ. ನಾ ಡ್ಯೂಟಿಗೆ ಬಂದು ಸುಮ್ನ ತೆಗೆದು ನೋಡಿದ್ರ, ಅದರ ತಲಿ ಅಪಾಯದ ಸಂದೇಶದ್ದ ಕಾಣಸ್ತೈತ್ರಿ."

"ಯಾವ ದೋಣಿ ಸರ್?"

"ಮೂವತ್ತೊಂದು."

ಸಂದೇಶದೊಳಗಿನ ತಾಳೆ ಅಂಕಿ ಹೊಂದದಿದ್ದರೆ ಕಂಪ್ಯೂಟರು ಅದನ್ನು ತಿರಸ್ಕಾರದ ಕಡತಕ್ಕೆ ತಳ್ಳಿಬಿಡುತ್ತಿತ್ತು. ಅದರ ನಂತರ ಅದೇ ದೋಣಿಯಿಂದ ಬೇರೇನಾದರೂ ಬಂದಿದೆಯೇ ಎಂದು ಸುಪ್ರೀತಾ ಕೇಳಿದಳು. ಇಲ್ಲ ಎಂದರು. ಗುಂಡಿ ಒತ್ತಿದ ಮೇಲೆ ಯಂತ್ರ ಎರಡು ನಿಮಿಷಕ್ಕೊಮ್ಮೆ ಅದೇ ಸಂದೇಶವನ್ನು ಕಳಿಸುತ್ತಲೇ ಇರಬೇಕು. ಮೂರು ಗಂಟೆಯಲ್ಲಿ ಒಂದೇ ಬಂದಿದೆಯೆಂದರೆ ಯಂತ್ರ ನೀರಿಗೆ ಹೋಗಿದೆ. ಯಂತ್ರ ನೀರಿಗೆ ಹೋಗಿದ್ದರೆ ದೋಣಿ ಎಲ್ಲಿದೆ ಎಂದು ಯೋಚಿಸುವ ಧೈರ್ಯ ಅವಳಿಗೆ ಆಗಲಿಲ್ಲ.

ವೀರಭದ್ರ ಆಗಲೇ ಕರಾವಳಿ ರಕ್ಷಣೆಯವರಿಗೆ ವಿಷಯ ಮುಟ್ಟಿಸಿದ್ದರು. ಅವರು ಕೇಳಿದ್ದು ಒಂದೇ, ಜಾಗ ಯಾವುದು ಎಂದು. ಆ ದಿನ ಮೋಡ ಕೆಳಗಿಳಿದಿದ್ದರಿಂದ ಹೆಲಿಕಾಪ್ಟರ್ ಏಳುವಂತಿರಲಿಲ್ಲ. ಹತ್ತಿರದಲ್ಲಿದ್ದದ್ದು ಒಂದೇ ಹಡಗು. ಸಂದೇಶದಲ್ಲಿ ಅಕ್ಷಾಂಶ ಸರಿಯಾಗಿಯೇ ಬಂದಂತಿತ್ತು. ರೇಖಾಂಶ ನೋಡಿದರೆ ದೋಣಿ ನೆಲದ ಮೇಲೆ, ನಾಗರಕೋವಿಲಿನ ಆಚೆ ಎಲ್ಲೋ ನಿಂತಿತ್ತು.

ರೇಖಾಂಶ ಸಂದೇಶದ ಕೊನೆಯಲ್ಲಿ ಬರುತ್ತದೆ ಎಂಬುದು ಸುಪ್ರೀತಾಳಿಗೆ ನೆನಪಾಯಿತು.

*

ಆ ಸಂದೇಶದ ವಿನ್ಯಾಸ ಅವಳದೇ. ಉಪಗ್ರಹದಲ್ಲಿ ಅವರಿಗೆ ಸಿಕ್ಕಿದ್ದು ತರಂಗಾಂತರದ ತೀರ ಕಿರಿದಾದ ಪಟ್ಟಿ. ತಪ್ಪು ತಿದ್ದಲು ಹೆಚ್ಚುವರಿ ಮಾಹಿತಿ ಸೇರಿಸಿದರೆ ಸಾಮಾನ್ಯವಾಗಿ ಪಟ್ಟಿಯೂ ಅಗಲವಾಗಬೇಕು. ಅದಕ್ಕೆ ಅವಕಾಶವಿರಲಿಲ್ಲ. ಹಾಗಾಗಿ ಅವಳು ಟ್ರೆಲಿಸ್ ಕೋಡಿನ ದಾರಿ ಹಿಡಿದಿದ್ದಳು. ಅದರಲ್ಲಿ ಪ್ರತಿ ಸಂಕೇತವೂ ಒಂದು ಕೋನ, ಎಂಟು ದಿಕ್ಕುಗಳಲ್ಲಿ ಒಂದು. ಆದರೆ ಒಂದರ ಹಿಂದೆ ಎಂಟರಲ್ಲಿ ಯಾವುದು ಬೇಕಾದರೂ ಬರುವಂತಿಲ್ಲ. ಹಿಂದೆ ಬಂದದ್ದನ್ನು ಅವಲಂಬಿಸಿ ನಾಲ್ಕಕ್ಕೆ ಮಾತ್ರ ಅನುಮತಿ. ದಾರಿಯಲ್ಲಿ ಸಂಕೇತಕ್ಕೆ ಬೆರೆಯುವ ಗದ್ದಲದಲ್ಲಿ ಒಂದು ಕೋನ ಅತ್ತಿತ್ತ ವಾಲಿದರೂ, ಹಿಂದಿನದನ್ನೂ ಮುಂದಿನದನ್ನೂ ಸೇರಿಸಿ ನೋಡಿದರೆ ಯಾವ ಹಾದಿ ಸಾಧ್ಯ, ಯಾವುದು ಅಸಾಧ್ಯ ಎಂದು ದಡದ ಕಂಪ್ಯೂಟರಿಗೆ ತಿಳಿಯುತ್ತದೆ. ಅದು ಎಲ್ಲ ಹಾದಿಗಳನ್ನೂ ತೂಗಿ, ಅತಿ ಸಂಭವನೀಯವಾದದ್ದನ್ನು ಆರಿಸುತ್ತದೆ. ಪಟ್ಟಿ ಅಗಲವಾಗದೆಯೇ ತಪ್ಪು ತಿದ್ದಿಕೊಳ್ಳುತ್ತದೆ.

ಆದರೆ ಕೊನೆಯ ಕೆಲವು ಸಂಕೇತಗಳಿಗೆ ಮುಂದೆ ಏನೂ ಇರುವುದಿಲ್ಲ. ಅವುಗಳಿಗೆ ಆಸರೆಯಾಗಲೆಂದು ಸಂದೇಶ ಮುಗಿದ ಮೇಲೆ ಮೂರು ಖಾಲಿ ಸಂಕೇತಗಳನ್ನು ಕಳಿಸಿ, ಹಾದಿಯನ್ನು ಮೊದಲೇ ಗೊತ್ತಿರುವ ಒಂದು ಜಾಗಕ್ಕೆ ತಂದು ನಿಲ್ಲಿಸುವುದು ವಾಡಿಕೆ. ಜನವರಿಯಲ್ಲಿ ಸುಪ್ರೀತಾ ಆ ಮೂರನ್ನು ತೆಗೆದುಹಾಕಿದ್ದಳು. ಮೂವತ್ತೆರಡು ಸಂಕೇತಗಳ ಸಂದೇಶ ಇಪ್ಪತ್ತೊಂಬತ್ತಕ್ಕೆ ಇಳಿಯಿತು. ಅದೇ ಪಟ್ಟಿಯಲ್ಲಿ ಶೇಕಡಾ ಹತ್ತರಷ್ಟು ಹೆಚ್ಚು ದೋಣಿಗಳಿಗೆ ಜಾಗವಾಯಿತು. ಪರಿಶೀಲನಾ ಸಭೆಯಲ್ಲಿ ಎಲ್ಲರೂ ಮೆಚ್ಚಿದ್ದರು. ಕೆಟ್ಟ ಹವೆಯಲ್ಲಿ ಸಾವಿರಕ್ಕೆ ಮೂರು ಹಾಳಾಗುತ್ತಿದ್ದ ಸಂದೇಶಗಳು ಹನ್ನೊಂದಕ್ಕೆ ಏರುತ್ತವೆ ಎಂದು ಅವಳ ವರದಿಯಲ್ಲಿ ಇತ್ತು. ಅದರ ಪಕ್ಕದಲ್ಲಿ ಅವಳೇ 'ನಗಣ್ಯ' ಎಂದು ಬರೆದಿದ್ದಳು. ಒಂದು ಹಾಳಾದರೆ ಎರಡು ನಿಮಿಷದಲ್ಲಿ ಇನ್ನೊಂದು ಬರುತ್ತದಲ್ಲ ಎಂಬುದು ಅವಳ ಲೆಕ್ಕವಾಗಿತ್ತು. ಎರಡು ನಿಮಿಷ ಉಳಿಯದ ದೋಣಿಯೂ ಇರಬಹುದು ಎಂದು ಅವಳಿಗೆ ಹೊಳೆದಿರಲಿಲ್ಲ. ಸಭೆಯಲ್ಲಿ ಬೇರೆ ಯಾರಿಗೂ ಹೊಳೆದಿರಲಿಲ್ಲ.

ಮೂವತ್ತೊಂದನೆಯ ದೋಣಿಯ ಕಡತ ತೆರೆದಳು. ಯಜಮಾನ ಬೆನಡಿಕ್ಟ್, ಐದು ಜನ, ದಡದಲ್ಲಿ ಸಂಪರ್ಕಕ್ಕೆ ಹೆಂಡತಿ ಮೇರಿ. ಫೆಬ್ರವರಿಯಲ್ಲಿ ಆ ಯಂತ್ರ ಕೂಡಿಸಲು ಸುಪ್ರೀತಾಳೇ ಹೋಗಿದ್ದಳು. ಮೇರಿ ಅವಳನ್ನು ಮನೆಯೊಳಗೆ ಕರೆದು ಹಾಲಿಲ್ಲದ ಕಟ್ಟನ್ ಚಾಯ ಕೊಟ್ಟು, ಈ ಡಬ್ಬಿಯನ್ನು ನಂಬಬಹುದೇ ಎಂದು ಕೇಳಿದ್ದಳು. ಅಕ್ಕ ಎಂಬಂತೆ ಕರೆದು, ನಂಬಬಹುದು ಚೇಚಿ ಎಂದು ಸುಪ್ರೀತಾ ಹೇಳಿದ್ದಳು.

ಅವಳು ವೀರಭದ್ರರಿಗೆ ವಾಪಸು ಫೋನ್ ಮಾಡಿ, ಆ ಸಂದೇಶದ ಕಚ್ಚಾ ದಾಖಲೆ ಬೇಕು, ಈಗಲೇ ಕಳಿಸಿ ಎಂದಳು. ಅದನ್ನು ಹೊರಗೆ ಕಳಿಸಲು ಭದ್ರತಾ ಅಧಿಕಾರಿಯ ಸಹಿ ಬೇಕಿತ್ತು. ಆತ ಬರುವುದು ಹನ್ನೊಂದರ ಮೇಲೆ.

"ಇಪ್ಪತ್ತೊಂಬತ್ತ ಅಲ್ಲೇನ್ರಿ ಇರೂದು," ಎಂದರು ವೀರಭದ್ರ. "ತೆರೀ ಮ್ಯಾಲ ಕೋನ ಎಲ್ಲಾ ಕಾಣಾಕತ್ತಾವು. ನಾ ಓದ್ತೀನಿ, ನೀವು ಬರಕೊಳ್ರಿ."

ಹಾಗೆ ಅವರು ಓದುತ್ತಾ ಹೋದರು, ಅವಳು ಬರೆಯುತ್ತಾ ಹೋದಳು. ನಲವತ್ತೊಂದು ಡಿಗ್ರಿ. ನೂರ ತೊಂಬತ್ತಾರು. ಎಂಬತ್ತೆಂಟು. ಎಂಬತ್ತೋ ತೊಂಬತ್ತೋ ಎಂಬ ಅನುಮಾನ ಬಂದಾಗಲೆಲ್ಲ ಇಬ್ಬರೂ ಅಂಕಿಗಳನ್ನು ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ಹೇಳಿಕೊಂಡರು. ಪ್ರತಿಯೊಂದನ್ನೂ ಅವಳು ತಿರುಗಿ ಓದಿ ಹೇಳಿದಳು. ಇಪ್ಪತ್ತಮೂರನೆಯದಕ್ಕೆ ಬಂದಾಗ ಅತ್ತ ಕಡೆ ಕ್ರೇನಿನ ಸೈರನ್ ಕೂಗತೊಡಗಿ, ಅದು ನಿಲ್ಲುವವರೆಗೆ ಇಬ್ಬರೂ ಫೋನ್ ಹಿಡಿದು ಸುಮ್ಮನೆ ನಿಂತರು. ಆ ಅರ್ಧ ನಿಮಿಷದಲ್ಲಿ ಸುಪ್ರೀತಾ ತನ್ನ ಪೆನ್ನಿನ ತುದಿಯನ್ನು ಹಲ್ಲಿನಿಂದ ಮುರಿದಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಇಪ್ಪತ್ತೊಂಬತ್ತೂ ಮುಗಿದಾಗ ಹತ್ತು ಗಂಟೆ ದಾಟಿತ್ತು.

ಪಕ್ಕದ ಮೇಜಿನ ಶಾಲಿನಿ ಎದ್ದು ಬಂದು ನಿಂತಿದ್ದಳು. ಅವಳು ಅಲ್ಲಿನ ತಂತ್ರಜ್ಞೆ, ಪೂಂತುರದ ಮೀನುಗಾರರ ಮನೆಯ ಹುಡುಗಿ. ಏನೂ ಕೇಳದೆ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಲು ಕುಳಿತಳು. ಸುಪ್ರೀತಾ ಪ್ರೋಗ್ರಾಂ ಬದಲಿಸತೊಡಗಿದಳು. ಆವರೆಗೆ ಅದು ಒಂದೇ ಹಾದಿಯನ್ನು ಆರಿಸಿ, ತಾಳೆ ಆಗದಿದ್ದರೆ ಸಂದೇಶವನ್ನೇ ಎಸೆದುಬಿಡುತ್ತಿತ್ತು. ಹಾದಿ ಕೊನೆಯಾಗಬಹುದಾದ ಜಾಗಗಳು ಅರವತ್ತನಾಲ್ಕು. ಪ್ರತಿಯೊಂದಕ್ಕೂ ಅತ್ಯುತ್ತಮ ಹಾದಿ ಹುಡುಕಿ, ಅವುಗಳಲ್ಲಿ ಯಾವುದಕ್ಕೆ ತಾಳೆ ಅಂಕಿ ಹೊಂದುತ್ತದೆ ಎಂದು ನೋಡಬೇಕು. ಕಷ್ಟದ ಕೆಲಸವೇನಲ್ಲ. ಜನವರಿಯಲ್ಲಿಯೇ ಮಾಡಿಡಬಹುದಿತ್ತು. ಒಂದು ಸಾಲನ್ನು ನಾಲ್ಕು ಸಲ ತಿದ್ದಿದಳು.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಉತ್ತರ ಬಂತು. ಅರವತ್ತನಾಲ್ಕು ಹಾದಿಗಳಲ್ಲಿ ತಾಳೆಯಾದದ್ದು ಒಂದಲ್ಲ, ಎರಡು.

*

ಎರಡರಲ್ಲೂ ಅಕ್ಷಾಂಶ ಒಂದೇ. ಒಂದು ಜಾಗ ದಡದಿಂದ ಪಶ್ಚಿಮಕ್ಕೆ ಸುಮಾರು ಮೂವತ್ತು ಕಿಲೋಮೀಟರು. ಇನ್ನೊಂದು ಅದಕ್ಕಿಂತ ನಲವತ್ತು ಕಿಲೋಮೀಟರು ಆಚೆ, ಆಳ ಸಮುದ್ರದಲ್ಲಿ. ಹಾದಿಗಳ ತೂಕ ನೋಡಿದರೆ ದೂರದ್ದೇ ಒಂದು ಕೂದಲೆಳೆಯಷ್ಟು ಹೆಚ್ಚು ಸಂಭವನೀಯ. ಅಷ್ಟು ಸಣ್ಣ ವ್ಯತ್ಯಾಸವನ್ನು ಪ್ರಯೋಗಾಲಯದಲ್ಲಾಗಿದ್ದರೆ ಅವಳು ವ್ಯತ್ಯಾಸವೆಂದೇ ಕರೆಯುತ್ತಿರಲಿಲ್ಲ.

ಯೋಜನೆಯ ಮುಖ್ಯಸ್ಥ ಮೋಹನ ಬೆಂಗಳೂರಿನವರು, ಸೌಮ್ಯ ಸ್ವಭಾವ. ಆಕೆ ಕಾಗದ ಹಿಡಿದು ಒಳಗೆ ಹೋದಾಗ ಅವರು ಆಗಲೇ ಎರಡು ಫೋನ್ ಮುಗಿಸಿದ್ದರು. ಅವರ ಮುಖ ಬಿಳಿಚಿಕೊಂಡಿತ್ತು. ತಾಳೆ ತಪ್ಪಿದ ಸಂದೇಶವೆಂದರೆ ನಿಯಮದ ಪ್ರಕಾರ ಸಂದೇಶವೇ ಅಲ್ಲ ಎಂದರು. ಫೋನಿನಲ್ಲಿ ಕೇಳಿ ಬರೆದ ಅಂಕಿ, ಒಂದು ಗಂಟೆಯಲ್ಲಿ ಬದಲಿಸಿದ ಪ್ರೋಗ್ರಾಂ, ಅದರ ಮೇಲೆ ಎರಡು ಉತ್ತರ. ದಾಖಲೆ ಬರಲಿ, ಇನ್ನೊಮ್ಮೆ ನೋಡಿ ಹೇಳೋಣ ಎಂದರು.

"ಇರೋದು ಒಂದೇ ಹಡಗು ಸುಪ್ರೀತಾ. ನಾವು ಹೇಳಿದ ಜಾಗ ತಪ್ಪಾದ್ರೆ, ಅಷ್ಟು ಹೊತ್ತು ಅದು ಸರಿಯಾದ ಜಾಗದಲ್ಲಿ ಇಲ್ಲದ ಹಾಗೆ ಮಾಡಿದವರು ನಾವೇ ಆಗ್ತೀವಿ. ಗೊತ್ತಿಲ್ಲ ಅನ್ನೋದೂ ಒಂದು ಉತ್ತರವೇ."

"ಗೊತ್ತಿಲ್ಲ ಅಂದ್ರೆ ಅವರು ದಡದಿಂದ ಹುಡುಕ್ತಾ ಹೋಗ್ತಾರೆ ಸರ್. ಸಂಜೆ ಆಗುತ್ತೆ."

ಮೋಹನರ ಭಯ ಸುಳ್ಳಾಗಿರಲಿಲ್ಲ ಎಂಬುದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಅವಳು ಮೇಜಿಗೆ ಬಂದು, ಕಡತದಲ್ಲಿದ್ದ ಮೇರಿಯ ನಂಬರಿಗೆ ಫೋನ್ ಮಾಡಿದಳು.

ಮೇರಿಗೆ ಆಗಲೇ ಸುದ್ದಿ ಮುಟ್ಟಿತ್ತು. ಅವಳ ಹಿಂದೆ ಹೆಂಗಸರ ಪ್ರಾರ್ಥನೆಯ ದನಿ ಕೇಳುತ್ತಿತ್ತು. ಸುಪ್ರೀತಾಳಿಗೆ ಆಫೀಸಿನ ಮಲಯಾಳಂ ಚೆನ್ನಾಗಿ ಬರುತ್ತಿತ್ತು, ಆದರೆ ಕಡಲತೀರದ ಮಾತು ಅರ್ಧವೂ ಹಿಡಿಯುತ್ತಿರಲಿಲ್ಲ, ಅದರಲ್ಲೂ ಅಳುವಿನ ನಡುವೆ. ಫೋನನ್ನು ಸ್ಪೀಕರಿಗೆ ಹಾಕಿ ಶಾಲಿನಿಯ ಮುಂದಿಟ್ಟಳು. ಬೆನಡಿಕ್ಟ್ ಎಲ್ಲಿಗೆ ಹೋಗುತ್ತೇನೆಂದು ಹೇಳಿದ್ದ ಎಂದು ಶಾಲಿನಿ ಕೇಳಿದಳು. ಅವನು ಹೇಳುವುದಿಲ್ಲ, ಯಾವ ಪಾರಿಗೆ ಹೋಗುತ್ತೇನೆಂದು ಯಾರೂ ಹೇಳುವುದಿಲ್ಲ ಎಂದಳು ಮೇರಿ. ಮೀನು ನೆರೆಯುವ ನೀರೊಳಗಿನ ಬಂಡೆಗಳಿಗೆ ಅವರು ಪಾರು ಎನ್ನುತ್ತಾರೆ. ಒಳ್ಳೆಯ ಪಾರಿನ ಗುಟ್ಟನ್ನು ತಮ್ಮನಿಗೂ ಬಿಟ್ಟುಕೊಡುವುದಿಲ್ಲವಂತೆ.

ಬಲೆ ಒಯ್ದಿದ್ದನೇ ಎಂದು ಕೇಳಿದಾಗ ಇಲ್ಲ, ಗಾಳದ ಕೆಲಸ ಎಂದಳು. ಲಂಗರು ಹಾಕಿ ನಿಂತು ಹಿಡಿಯುವುದು. ಆಮೇಲೆ ಅವಳ ದನಿ ನಿಂತಿತು. ಫೋನ್ ಕೆಳಗಿಟ್ಟ ಸದ್ದು, ಬಾಗಿಲಿನ ಸದ್ದು. ಒಂದು ನಿಮಿಷ ಕಳೆದು ಅವಳು ಮರಳಿ ಬಂದಾಗ ಅಳು ಇರಲಿಲ್ಲ. ಮಾತು ನೇರವಾಗಿತ್ತು. ಶಾಲಿನಿ ಕೇಳಿಸಿಕೊಂಡು ಸುಪ್ರೀತಾಳ ಕಡೆ ತಿರುಗಿದಳು.

"ದೊಡ್ಡ ಹಗ್ಗ ಮನೇಲೇ ಇದೆಯಂತೆ. ನೂರೈವತ್ತು ಮಾರಿನದು, ಆಳದ ನೀರಿಗೆ ಹೋಗುವಾಗ ಒಯ್ಯೋದು. ಚಾವಡಿಯಲ್ಲಿ ಸುರುಳಿ ಹಾಗೇ ಬಿದ್ದಿದೆಯಂತೆ. ಒಯ್ದಿರೋದು ಅರವತ್ತು ಮಾರಿನ ಹಗ್ಗ."

ಶಾಲಿನಿ ಇದನ್ನು ಇಂಗ್ಲಿಷಿನಲ್ಲಿ ಹೇಳಿದ್ದಳು, ಆದರೆ ಮಾರು ಎಂಬ ಮಾತನ್ನು ಹಾಗೆಯೇ ಬಿಟ್ಟಿದ್ದಳು. ಅದನ್ನು ಸುಪ್ರೀತಾಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಎರಡೂ ತೋಳು ಚಾಚಿದಷ್ಟು ಉದ್ದ, ಸುಮಾರು ಒಂದೂಮುಕ್ಕಾಲು ಮೀಟರು. ಅವಳು ಸಮುದ್ರದ ಆಳದ ನಕ್ಷೆ ತೆಗೆದಳು. ಹತ್ತಿರದ ಜಾಗದಲ್ಲಿ ಒಂದು ದಿಣ್ಣೆ, ಅದರ ಮೇಲೆ ನೀರು ಐವತ್ತೈದು ಮೀಟರು. ದೂರದ ಜಾಗದಲ್ಲಿ ಇನ್ನೂರಕ್ಕಿಂತ ಹೆಚ್ಚು. ಅರವತ್ತು ಮಾರಿನ ಹಗ್ಗ ಹಿಡಿದು ಅಲ್ಲಿ ಯಾರೂ ಲಂಗರು ಹಾಕುವುದಿಲ್ಲ.

"ಮೋಳೇ," ಎಂದಳು ಮೇರಿ ಫೋನಿನಲ್ಲಿ, ಮಗಳೇ ಎಂದು ಕರೆದಂತೆ, ಈಗ ಸುಪ್ರೀತಾಳಿಗೂ ತಿಳಿಯುವಂತೆ ನಿಧಾನವಾಗಿ, "ಆ ಡಬ್ಬಿ ಏನು ಹೇಳಿತು?"

ಅರ್ಧ ಹೇಳಿತು ಚೇಚಿ, ಉಳಿದರ್ಧ ನೀವು ಹೇಳಿದಿರಿ ಎಂದು ಹೇಳಬೇಕೆನಿಸಿತು. ಅವಳಿಂದ ಆಗಲಿಲ್ಲ. ಹುಡುಕಲು ಹೇಳುತ್ತಿದ್ದೇವೆ ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಅವಳು ಕೊಚ್ಚಿಗೆ ಫೋನ್ ಮಾಡಿ ಎರಡೂ ಜಾಗಗಳನ್ನು ಕೊಟ್ಟಳು. ಮೊದಲು ಹತ್ತಿರದ್ದು, ಅಲ್ಲಿ ಸಿಗದಿದ್ದರೆ ದೂರದ್ದು. ಮೋಹನ ಸರ್ ಇನ್ನೂ ಒಪ್ಪಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

"ಒಪ್ಪಿಗಿ ಆಮ್ಯಾಲ ಬರ್ಲಿರಿ," ಎಂದರು ವೀರಭದ್ರ. "ಇಲ್ಲಿಂದ ಹೋಗೂ ಸಂದೇಶಕ್ಕ ನನ್ನ ಹೆಸರ ಇರ್ತೈತಿ. ನಾ ಕಳಸ್ತೀನಿ."

ಅವಳು ತಿರುಗಿದಾಗ ಮೋಹನ ಬಾಗಿಲಲ್ಲಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಕ್ಷೆಯ ಮುಂದೆ ಬಂದು ಕುಳಿತು, ಹಗ್ಗದ ಸಂಗತಿಯನ್ನು ಎರಡು ಸಲ ಕೇಳಿ ತಿಳಿದುಕೊಂಡು, ತಮ್ಮ ಹೆಸರಿನಲ್ಲೂ ಒಂದು ಮೇಲ್ ಕಳಿಸಿದರು. ಆಗ ಹನ್ನೆರಡು ಗಂಟೆ ಐದು ನಿಮಿಷ.

*

ಆಮೇಲಿನ ಮೂರು ಗಂಟೆಗಳಲ್ಲಿ ಮಾಡಲು ಏನೂ ಇರಲಿಲ್ಲ. ಸಹಿಯಾದ ಕಚ್ಚಾ ದಾಖಲೆ ಹನ್ನೆರಡೂವರೆಗೆ ಬಂತು. ಅವಳು ಅದನ್ನೂ ಓಡಿಸಿ ನೋಡಿದಳು. ಅದೇ ಎರಡು ಜಾಗ, ದೂರದ್ದೇ ಒಂದೆಳೆ ಮುಂದೆ. ಈಗ ಕೋನಗಳು ದಶಾಂಶದವರೆಗೆ ನಿಖರವಾಗಿದ್ದವು, ಆದರೂ ಅಂತರ ಹಾಗೆಯೇ ಇತ್ತು. ಹಗ್ಗವೊಂದನ್ನೇ ನಂಬಿ ಅವಳು ಹಡಗನ್ನು ತಿರುಗಿಸಿದ್ದಳು. ಬೆನಡಿಕ್ಟ್ ದಾರಿಯಲ್ಲಿ ಬೇರೆ ದೋಣಿಯವರಿಂದ ಉದ್ದ ಹಗ್ಗ ಪಡೆದಿದ್ದರೆ? ಲಂಗರೇ ಹಾಕದೆ ಇಂಜಿನ್ ಕೆಟ್ಟು ಆಳಕ್ಕೆ ತೇಲಿ ಹೋಗಿದ್ದರೆ? ಹಡಗು ಸಾಗಿದಂತೆಲ್ಲ ಅವಳಿಗೆ ಹೊಸ ಹೊಸ ಸಾಧ್ಯತೆಗಳು ಕಾಣತೊಡಗಿದವು, ಪ್ರತಿಯೊಂದೂ ತಾನು ತಪ್ಪೆಂದು ತೋರಿಸುವಂಥದ್ದು. ಶಾಲಿನಿ ಕ್ಯಾಂಟೀನಿನಿಂದ ಊಟ ತಂದಿಟ್ಟಳು. ಅನ್ನದ ಮೇಲಿನ ಮಜ್ಜಿಗೆಯ ಮೋರು ಒಣಗಿ ಹಳದಿ ಕಟ್ಟಿತು.

ಎರಡು ಐವತ್ತಕ್ಕೆ ವೀರಭದ್ರರ ಫೋನ್ ಬಂತು.

"ಸಿಕ್ಕಾರ್ರಿ," ಎಂದರು. "ಹತ್ತರದ ಜಾಗದಿಂದ ಆರು ಮೈಲು ತೆಂಕಲಕ್ಕ ತೇಲಿದ್ರು. ಮಗುಚಿದ ದೋಣಿ ಮ್ಯಾಲ ನಾಕ ಮಂದಿ."

"ಐದು ಜನ ಸರ್."

"ನಾಕ ಮಂದಿ ಮೇಡಂ," ಎಂದರು ಅವರು ಇನ್ನೂ ಮೆಲ್ಲಗೆ.

ಸಿಗದವನು ಸಿಲುವಯ್ಯನ್, ಬೆನಡಿಕ್ಟನ ಅಣ್ಣ. ನಸುಕಿನಲ್ಲಿ ಎದ್ದ ಒಂದು ಅಲೆ ಹಿಂದಿನಿಂದ ನುಗ್ಗಿ ಇಂಜಿನ್ ಮುಳುಗಿಸಿತ್ತು. ಬೆನಡಿಕ್ಟ್ ಗುಂಡಿ ಒತ್ತಿದ್ದ, ಹಸಿರು ದೀಪ ಒಮ್ಮೆ ಮಿನುಗಿದ್ದನ್ನು ನೋಡಿದ್ದ, ಮುಂದಿನ ಅಲೆಗೆ ದೋಣಿ ಮಗುಚಿತ್ತು. ಐವರೂ ದೋಣಿಯ ಬುಡಕ್ಕೆ ಜೋತುಬಿದ್ದಿದ್ದರು. ಹಸಿರು ದೀಪ ಮಿನುಗಿದೆ, ಬರುತ್ತಾರೆ, ಬರುತ್ತಾರೆ ಎಂದು ಬೆನಡಿಕ್ಟ್ ಉಳಿದವರಿಗೆ ಹೇಳುತ್ತಲೇ ಇದ್ದನಂತೆ. ಐವತ್ತೆಂಟರ ಸಿಲುವಯ್ಯನಿಗೆ ಕೊನೆಯವರೆಗೆ ಹಿಡಿದಿರಲಾಗಲಿಲ್ಲ. ಅವನು ಯಾವಾಗ ಕೈಬಿಟ್ಟ ಎಂದು ಕೇಳಿದರೆ ನಾಲ್ವರೂ ಬೇರೆಬೇರೆ ಹೇಳಿದರು. ಒಬ್ಬ ಬೆಳಿಗ್ಗೆಯೇ ಎಂದ, ಒಬ್ಬ ಹಡಗು ಕಾಣುವ ಸ್ವಲ್ಪ ಮುಂಚೆ ಎಂದ. ಮೋಡ ಕವಿದ ದಿನದಲ್ಲಿ ಸೂರ್ಯ ಕಾಣುತ್ತಿರಲಿಲ್ಲ. ಐವರಲ್ಲಿ ಕೈಗಡಿಯಾರ ಕಟ್ಟಿದ್ದವನು ಅವನೊಬ್ಬನೇ.

ಶನಿವಾರ ದೇಹ ಕೊಳಚ್ಚಲಿನ ಬಳಿ ದಡಕ್ಕೆ ಬಂತು.

*

ಸಂಸ್ಥೆಗೆ ಅಭಿನಂದನೆಯ ಪತ್ರಗಳು ಬಂದವು. ನಾಲ್ಕು ಜೀವ ಉಳಿಸಿದ ಸಾಧನ ಎಂದು ಒಂದು ಪತ್ರಿಕೆಯಲ್ಲಿ ಸಣ್ಣ ಸುದ್ದಿಯೂ ಬಂತು. ಸುಪ್ರೀತಾ ಅದನ್ನು ಓದಲಿಲ್ಲ. ಅವಳು ಆ ವಾರವೆಲ್ಲ ಒಂದೇ ಲೆಕ್ಕ ಮಾಡಿದಳು. ಆ ಬೆಳಗಿನ ಅದೇ ತೀವ್ರ ಗದ್ದಲ, ಅದೇ ಸಂದೇಶ, ಆದರೆ ಕೊನೆಯಲ್ಲಿ ಆ ಮೂರು ಸಂಕೇತಗಳಿದ್ದರೆ? ಸಾವಿರ ಸಲ ಓಡಿಸಿದಳು. ಒಂಬೈನೂರ ಅರವತ್ತೆಂಟು ಸಲ ಸಂದೇಶ ಸರಿಯಾಗಿ ಬಂತು. ಉಳಿದ ಮೂವತ್ತೆರಡು ಸಲ ಬರಲಿಲ್ಲ. ಆ ಮೂವತ್ತೆರಡನ್ನು ಹಿಡಿದುಕೊಂಡು ನಿದ್ದೆ ಮಾಡಲು ಯತ್ನಿಸಿದಳು. ಆಗಲಿಲ್ಲ.

ವಿಚಾರಣೆ ಕೊಚ್ಚಿಯಲ್ಲಿ ನಡೆಯಿತು. ಅದಕ್ಕೂ ಮುಂಚಿನ ದಿನ ಮೋಹನ ಅವಳ ವರದಿಯ ಕರಡು ಓದಿ, ಒಂದು ವಾಕ್ಯದ ಕೆಳಗೆ ಗೆರೆ ಎಳೆದಿದ್ದರು. ಮೂರು ಸಂಕೇತಗಳನ್ನು ತೆಗೆದ ನಿರ್ಧಾರ ನನ್ನದು, ಅದರಿಂದಾಗಿಯೇ ಸಂದೇಶ ತಕ್ಷಣ ಓದಲು ಸಿಗಲಿಲ್ಲವೆಂದು ನಂಬಲು ಬಲವಾದ ಕಾರಣವಿದೆ ಎಂಬ ವಾಕ್ಯ. ಹವಾಮಾನದಿಂದ ಸಂಪರ್ಕ ದುರ್ಬಲವಾಗಿತ್ತು ಎಂದರೂ ಸುಳ್ಳಾಗುವುದಿಲ್ಲವಲ್ಲ ಎಂದು ಕೇಳಿದರು. ಸುಳ್ಳಾಗುವುದಿಲ್ಲ, ಆದರೆ ಅದನ್ನು ಓದಿದವರು ಮೂರು ಸಂಕೇತಗಳನ್ನು ವಾಪಸು ಹಾಕುವುದಿಲ್ಲ ಎಂದಳು ಅವಳು. ಮೋಹನ ಗೆರೆಯನ್ನು ಅಳಿಸದೆ, ವಾಕ್ಯದ ಪಕ್ಕದಲ್ಲಿ, ಈ ನಿರ್ಧಾರವನ್ನು ಅನುಮೋದಿಸಿದವನು ನಾನು ಎಂದು ಬರೆದು ಸಹಿ ಹಾಕಿದರು.

ವಿಲ್ಲಿಂಗ್ಡನ್ ಐಲ್ಯಾಂಡಿನ ಆ ಸಭೆಯಲ್ಲಿ ಮೂವರು ಸದಸ್ಯರಿದ್ದರು. ಅವರಲ್ಲಿ ಹಿರಿಯರು ಒಂದೇ ಪ್ರಶ್ನೆ ಕೇಳಿದರು. ಸಂದೇಶ ಆರು ಹನ್ನೆರಡಕ್ಕೇ ಓದಲು ಸಿಕ್ಕಿದ್ದರೆ ಹಡಗು ಎಷ್ಟು ಹೊತ್ತಿಗೆ ತಲುಪುತ್ತಿತ್ತು? ಒಂಬತ್ತಕ್ಕೆ ಎಂದಳು ಸುಪ್ರೀತಾ. ಅವಳ ದನಿ ಅಷ್ಟು ಸಣ್ಣಗೆ ಬಂತೆಂದರೆ ಅವರು ಇನ್ನೊಮ್ಮೆ ಹೇಳಿಸಿದರು. ಅವರು ಅದನ್ನು ಬರೆದುಕೊಂಡರು. ತಿರಸ್ಕಾರಕ್ಕೆ ಬಿದ್ದ ಅಪಾಯದ ಸಂದೇಶಕ್ಕೆ ಎಚ್ಚರಿಕೆಯ ಗಂಟೆ ಏಕೆ ಬಾರಿಸಲಿಲ್ಲ ಎಂದು ಇನ್ನೊಬ್ಬರು ಕೇಳಿದರು. ಅದೂ ಅವಳದೇ ಏರ್ಪಾಡು, ಸುಳ್ಳು ಗಂಟೆಗಳ ಕಾಟಕ್ಕೆ ನಿಲ್ಲಿಸಿದ್ದು. ಅದನ್ನೂ ಹೇಳಿದಳು. ಶಿಕ್ಷೆಯ ಮಾತು ಬರಲಿಲ್ಲ. ಎಲ್ಲ ಐವತ್ತು ಯಂತ್ರಗಳನ್ನೂ ಹದಿನೈದು ದಿನದೊಳಗೆ ಸರಿಪಡಿಸಬೇಕು, ಇಲ್ಲವಾದರೆ ಪ್ರಯೋಗ ನಿಲ್ಲಿಸಬೇಕು ಎಂದು ಆದೇಶವಾಯಿತು. ದಡದ ಪ್ರೋಗ್ರಾಂ ಆಗಲೇ ಸರಿಯಾಗಿತ್ತು. ದೋಣಿಯ ಯಂತ್ರಗಳನ್ನು ಮಾತ್ರ ಒಂದೊಂದಾಗಿ ಕೇಬಲ್ ಹಾಕಿ ಬದಲಿಸಬೇಕಿತ್ತು.

ಹೊರಗೆ ಬಂದಾಗ ವೀರಭದ್ರ ಅವಳನ್ನು ಊಟಕ್ಕೆ ಕರೆದೊಯ್ದರು. ಅವಳು ತಿನ್ನದೆ ಕುಳಿತದ್ದನ್ನು ನೋಡಿ, ಆ ದಿನ ರಾತ್ರಿಪಾಳಿಯವರು ತಿರಸ್ಕಾರ ನೋಡದೆ ಹೋಗಿದ್ದರು, ತಾನೂ ಎಂಟಕ್ಕೆ ಬರಬೇಕಾದವನು ಮಳೆಯೆಂದು ಒಂಬತ್ತಕ್ಕೆ ಬಂದಿದ್ದೆ ಎಂದರು. ಅವಳನ್ನು ಸಮಾಧಾನ ಮಾಡಲು ಹೇಳಿದ ಮಾತಲ್ಲ ಅದು. ಅವರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಇತ್ತು.

*

ಮರುದಿನ ಅವಳು ಶಾಲಿನಿಯ ಜೊತೆ ವಿಳಿಂಜಕ್ಕೆ ಹೋದಳು. ಮೊದಲು ಮೇರಿಯ ಮನೆ. ಸಿಲುವಯ್ಯನ ಹೆಂಡತಿ ಫಿಲೋಮಿನ ಅಲ್ಲಿಯೇ ಇದ್ದಳು, ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ಬೆನಡಿಕ್ಟ್ ಇನ್ನೂ ಆಸ್ಪತ್ರೆಯಲ್ಲಿದ್ದ. ಮೇರಿ ಸುಪ್ರೀತಾಳ ಎರಡೂ ಕೈ ಹಿಡಿದುಕೊಂಡು, ನೀನು ಮಾಡಿದ್ದಕ್ಕೆ ಮಾತಾವು, ಆ ದೇವಮಾತೆ, ನಿನ್ನನ್ನು ಕಾಯಲಿ ಎಂದಳು. ಸುಪ್ರೀತಾ ಕೈ ಬಿಡಿಸಿಕೊಂಡಳು. ಏನಾಯಿತೆಂದು ಹೇಳತೊಡಗಿದಳು. ತಾನು ಏನನ್ನು ತೆಗೆದೆ, ಏಕೆ ತೆಗೆದೆ, ಸಂದೇಶ ಎಷ್ಟು ಹೊತ್ತಿಗೆ ಬಂದಿತ್ತು, ಎಷ್ಟು ಹೊತ್ತಿಗೆ ಓದಲಾಯಿತು. ಅವಳ ಮಲಯಾಳಂ ಅಲ್ಲಲ್ಲಿ ಮುರಿಯಿತು. ಶಾಲಿನಿ ಸೇರಿಸಲು ಹೋಗಲಿಲ್ಲ. ಎಲ್ಲರಿಗೂ ತಿಳಿಯುತ್ತಿತ್ತು.

ಫಿಲೋಮಿನ ತಲೆ ಎತ್ತಿದಳು.

"ಅವರು ನೀರಲ್ಲಿ ಎಷ್ಟು ಹೊತ್ತಿದ್ದರು?" ಎಂದು ಕೇಳಿದಳು.

"ಗೊತ್ತಿಲ್ಲ ಚೇಚಿ. ಎರಡು ಗಂಟೆ ಇರಬಹುದು. ಎಂಟು ಇರಬಹುದು."

"ಒಂಬತ್ತಕ್ಕೆ ಹಡಗು ಬಂದಿದ್ದರೆ?"

"ಅದೂ ಗೊತ್ತಿಲ್ಲ."

ಫಿಲೋಮಿನ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಮೇರಿ ಬಾಗಿಲನ್ನೇ ನೋಡುತ್ತಿದ್ದವಳು ಸ್ವಲ್ಪ ಹೊತ್ತಿನ ಮೇಲೆ, ಈಗ ಹೋಗು ಮೋಳೇ ಎಂದಳು. ಇನ್ನೊಂದು ದಿನ ಬಾ ಎನ್ನಲಿಲ್ಲ. ಬರಬೇಡ ಎಂದೂ ಅನ್ನಲಿಲ್ಲ.

ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಂತಿದ್ದವು. ಸುದ್ದಿ ಮೊದಲೇ ಹಬ್ಬಿತ್ತು. ಕೆಲವರು ಮಾತಿಲ್ಲದೆ ಯಂತ್ರ ಬಿಚ್ಚಿ ಕೊಟ್ಟರು. ಒಬ್ಬ ಮುದುಕ, ಇದನ್ನು ತೆಗೆದುಕೊಂಡೇ ಹೋಗಿ, ನಮಗೆ ಬೇಡ ಎಂದ. ಶಾಲಿನಿ ಅವನ ಬಳಿ ಕುಳಿತು ಅರ್ಧ ಗಂಟೆ ಮಾತಾಡಿದ ಮೇಲೆ, ಸರಿ, ಹಾಕು ಎಂದ. ಒಂದೊಂದಕ್ಕೆ ನಾಲ್ಕು ನಿಮಿಷ ಹಿಡಿಯುತ್ತಿತ್ತು. ಮೂರು ದಿನದಲ್ಲಿ ನಲವತ್ತೆರಡು ಮುಗಿದವು. ಬೆನಡಿಕ್ಟನದು ಸಮುದ್ರದ ತಳದಲ್ಲಿತ್ತು. ಉಳಿದ ಏಳು ದೋಣಿಗಳು ಕಡಲಿಗೆ ಹೋಗಿದ್ದವು, ಹಳೆಯ ಯಂತ್ರಗಳನ್ನು ಹೊತ್ತು. ಆ ಸಂಜೆ ಗಾಳಿಯ ಎಚ್ಚರಿಕೆ ಹೊರಟಿತು.

ಮಾರನೆಯ ದಿನ ಬೆಳಿಗ್ಗೆಯಿಂದ ಸುಪ್ರೀತಾ ಜೆಟ್ಟಿಯ ಮೇಲೆ ಕಾದಳು. ಗಂಟೆಗೊಮ್ಮೆ ಕೊಚ್ಚಿಗೆ ಫೋನ್ ಮಾಡಿದಳು. ಏನೂ ಬಂದಿಲ್ಲ, ತಿರಸ್ಕಾರದಲ್ಲೂ ಇಲ್ಲ ಎಂದು ವೀರಭದ್ರ ಪ್ರತಿಸಲವೂ ಅದೇ ತಾಳ್ಮೆಯಿಂದ ಹೇಳಿದರು. ಹತ್ತರ ಹೊತ್ತಿಗೆ ಎರಡು ದೋಣಿ ಬಂದವು. ಮಧ್ಯಾಹ್ನ ಮೂರು ದೋಣಿ. ನಾಲ್ಕು ಗಂಟೆಗೆ ಇನ್ನೊಂದು. ಕಡಲು ಬೂದಿ ಬಣ್ಣಕ್ಕೆ ತಿರುಗಿ, ಬಂದರಿನ ಗೋಡೆಗೆ ಅಲೆ ಹಾರತೊಡಗಿತು. ಕೊನೆಯ ದೋಣಿ ಎಲ್ಲಿದೆ ಎಂದು ಬಂದವರನ್ನೆಲ್ಲ ಕೇಳಿದಳು. ಯಾರಿಗೂ ತಿಳಿದಿರಲಿಲ್ಲ.

ಐದೂಕಾಲಿಗೆ ಶಾಲಿನಿ ಅವಳ ತೋಳು ಮುಟ್ಟಿ ಕೈ ತೋರಿಸಿದಳು. ಗೋಡೆಯ ಬಾಯಿಯಲ್ಲಿ ಒಂದು ನೀಲಿ ಮೂತಿ ಏಳುತ್ತ ಬೀಳುತ್ತ ಬರುತ್ತಿತ್ತು. ದೋಣಿ ತಾಗುವ ಮೊದಲೇ ಸುಪ್ರೀತಾ ಮೆಟ್ಟಿಲಿಳಿದು ಮೊಣಕಾಲುದ್ದದ ನೀರಲ್ಲಿ ನಿಂತಿದ್ದಳು. ಮುಂದೆ ಕುಳಿತಿದ್ದವನು ಅವಳನ್ನು ನೋಡಿ ಹುಬ್ಬು ಗಂಟಿಕ್ಕಿದ. ಮೀನು ಇಳಿಸಬೇಕು, ಬೇಗ ಮಾಡಿ ಎಂದು ಯಂತ್ರ ಬಿಚ್ಚಿ ಅವಳ ಕೈಗೆ ಹಾಕಿದ.

ಅವಳು ಅದನ್ನು ಸೆರಗಿನಿಂದ ಒರೆಸಿ ಕೇಬಲ್ ಚುಚ್ಚಿದಳು.